ನೋವಿಲ್ಲದೆ ಹಲ್ಲು ಕೀಳುವ ದಾರಿ ತೋರಿದ ಹೊರೇಸ್ ವೆಲ್ಸ್

ದತ್ತವಾಡ: ಬುದ್ಧಿಹಲ್ಲು, ಅಂದರೆ ಅಕ್ಕಲದಾಢ ಕೀಳಿಸಲು ಇಚಲಕರಂಜಿಗೆ ಹೋಗುವ ಗಡಿಭಾಗದ ಯುವಕರಿಗೆ ಇಂದು ನೋವಿನ ಭಯ ಕಡಿಮೆ. ಇದರ ಹಿಂದೆ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಅವರ ಬದುಕಿದೆ.

1815ರಲ್ಲಿ ಜನಿಸಿದ ವೆಲ್ಸ್, ಹಾರ್ಟ್‌ಫರ್ಡ್ ನಗರದಲ್ಲಿ ವೃತ್ತಿ ನಡೆಸುತ್ತಿದ್ದರು. 1844ರ ಡಿಸೆಂಬರ್ 10ರಂದು ನಡೆದ ಪ್ರದರ್ಶನವೊಂದರಲ್ಲಿ, ನಗೆ ಅನಿಲ ಸೇವಿಸಿದ್ದ ಯುವಕನಿಗೆ ಕಾಲಿಗಾದ ಗಾಯದ ಅರಿವೇ ಇಲ್ಲದ್ದನ್ನು ಕಂಡರು. ಮರುದಿನ ತಾವೇ ಆ ಅನಿಲ ಸೇವಿಸಿ, ವೈದ್ಯ ಜಾನ್ ರಿಗ್ಸ್ ಅವರಿಂದ ತಮ್ಮ ದವಡೆಹಲ್ಲು ಕೀಳಿಸಿಕೊಂಡರು. ನೋವಾಗಲಿಲ್ಲ. ಆಗ ಅವರ ವಯಸ್ಸು 29.

1845ರಲ್ಲಿ ಬಾಸ್ಟನ್‌ನಲ್ಲಿ ವೈದ್ಯರೆದುರು ಪ್ರಯೋಗ ತೋರಿಸಿದಾಗ ಅನಿಲ ಸಾಲದೆ ರೋಗಿ ಚೀರಿದ, ವೆಲ್ಸ್ ನಗೆಪಾಟಲಾದರು. 1846ರಲ್ಲಿ ಅದೇ ನಗರದಲ್ಲಿ ಈಥರ್ ಬಳಸಿ ಹೆಸರು ಗಳಿಸಿದವರು ಅವರ ಹಳೆಯ ಜೊತೆಗಾರ ವಿಲಿಯಂ ಮಾರ್ಟನ್. ಬಳಿಕ ಕ್ಲೋರೋಫಾರ್ಮನ್ನು ತಮ್ಮ ಮೇಲೆಯೇ ಪ್ರಯೋಗಿಸುತ್ತ ಹೋದ ವೆಲ್ಸ್ ಬುದ್ಧಿಯ ಸ್ಥಿಮಿತ ಕಳೆದುಕೊಂಡರು. 1848ರ ಜನವರಿಯಲ್ಲಿ, 33ನೇ ವಯಸ್ಸಿಗೆ, ನ್ಯೂಯಾರ್ಕ್ ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1864ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಈ ಶೋಧದ ಶ್ರೇಯಸ್ಸನ್ನು ಅವರಿಗೇ ನೀಡಿತು.

ಈಗ ಹೆಚ್ಚಿನವರಿಗೆ ವಸಡಿನ ಇಂಜೆಕ್ಷನ್ ಒಂದೇ ಸಾಕು. ಅಂಜುವವರಿಗೆ ಆಮ್ಲಜನಕ ಬೆರೆಸಿದ ನಗೆ ಅನಿಲವಿದೆ. ಅದರ ಮಂಪರು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಎಲುಬಿನಲ್ಲಿ ಹೂತ ಹಲ್ಲಿಗೆ ಕೆಲವೊಮ್ಮೆ ನರಕ್ಕೆ ಮದ್ದು ಕೊಟ್ಟು ಮಂಪರು ಬರಿಸುತ್ತಾರೆ, ಇಲ್ಲವೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಇವೆರಡಕ್ಕೂ ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿರಬೇಕು, ಮನೆಗೆ ಕರೆತರಲು ಜೊತೆಗೊಬ್ಬರು ಬೇಕು. ಕಡಿಮೆಯಾದರೆ ನೋವು, ಹೆಚ್ಚಾದರೆ ಅಪಾಯ: ಮದ್ದಿನ ಅಳತೆ ಬಲ್ಲ ವೈದ್ಯರ ಕೈಯಲ್ಲೇ ಇದು ನಡೆಯಬೇಕು.