ಗವಿಪುರದ ಒಂದು ರಾಜೀನಾಮೆ

ಗವಿಪುರದ ನಮ್ಮ ತಲೆಮಾರಿನ ಹುಡುಗರು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನು ಓದುವುದಕ್ಕೆ ಮುಂಚೆಯೇ ನೋಡಿದವರು. ಕೋಟು ತೊಟ್ಟು, ಕೈಯಲ್ಲಿ ಕೊಡೆ ಹಿಡಿದು, ಸಂಜೆಯ ಹೊತ್ತು ಅವರು ಬಸವನಗುಡಿಯ ಕ್ಲಬ್ಬಿನ ಕಡೆಗೆ ನಡೆದುಹೋಗುತ್ತಿದ್ದರು. ಅಲ್ಲಿ ಗೆಳೆಯರೊಡನೆ ಇಸ್ಪೀಟಾಟ. ಆ ಕ್ಲಬ್ಬಿನ ಪೂರ್ಣ ಹೆಸರು ಬಸವನಗುಡಿ ಯೂನಿಯನ್ ಅಂಡ್ ಸರ್ವೀಸಸ್ ಕ್ಲಬ್. ಯೂನಿಯನ್ನೂ ಸರ್ವೀಸೂ ಒಂದೇ ಫಲಕದ ಮೇಲೆ ಜಗಳವಿಲ್ಲದೆ ಕೂತಿರುವ ಜಾಗ ಊರಿನಲ್ಲಿ ಅದೊಂದೇ ಇರಬೇಕೆಂದು, ಮುಂದೆ ಸರ್ಕಾರಿ ಗುಮಾಸ್ತನಾದ ನಾನು ಎಷ್ಟೋ ಸಲ ನನ್ನಷ್ಟಕ್ಕೆ ನಕ್ಕಿದ್ದುಂಟು.

2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಗೈರುಹಾಜರಾದರು. ಏಳನೆಯ ವೇತನ ಆಯೋಗದ ವರದಿ ಬರುವವರೆಗೆ ಶೇಕಡ 40ರಷ್ಟು ಮಧ್ಯಂತರ ಪರಿಹಾರ ಕೊಡಬೇಕು, ಹಳೆಯ ಪಿಂಚಣಿ ಪದ್ಧತಿಯನ್ನು ಮರಳಿ ತರಬೇಕು ಎಂಬುದು ಬೇಡಿಕೆ. ನಾನು ಆ ವೇಳೆಗೆ ನಿವೃತ್ತ. ಬೆಳಗಿನ ವಾಯುವಿಹಾರದಲ್ಲಿ ಜೊತೆಯಾಗುವ ನೆರೆಯ ಹಿರಿಯರೊಬ್ಬರು ಪತ್ರಿಕೆ ಮಡಚುತ್ತಾ ನನಗೊಂದು ಪ್ರಶ್ನೆ ಹಾಕಿದರು. ಇದೇ ಬಡಾವಣೆಯಲ್ಲಿದ್ದ ಮಾಸ್ತಿಯವರಿಗೂ ಸರ್ಕಾರ ಅನ್ಯಾಯ ಮಾಡಿತ್ತಲ್ಲ, ಅವರೇನು ಘೋಷಣೆ ಕೂಗಿದರೆ, ಕಚೇರಿಗೆ ಬೀಗ ಹಾಕಿಸಿದರೆ ಎಂದು. ನನಗೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಮಾಸ್ತಿಯವರ ಬದುಕನ್ನು ಈ ಕಣ್ಣಿನಿಂದ ಮತ್ತೆ ನೋಡಿದೆ.

ಅವರು ಹುಟ್ಟಿದ್ದು 1891ರ ಜೂನ್ 6ರಂದು, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನಲ್ಲಿ. ಮನೆಮಾತು ತಮಿಳು, ಬರೆದದ್ದು ಕನ್ನಡ. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಎಂ.ಎ. ಪದವಿ ಪಡೆದು, ಮೈಸೂರು ಸಿವಿಲ್ ಸರ್ವೀಸಿಗೆ ಸೇರಿದರು. ಅಲ್ಲಿಂದ ಮೂರು ದಶಕಗಳ ಹತ್ತಿರ ಸಂಸ್ಥಾನದ ಊರೂರುಗಳಲ್ಲಿ ಅಧಿಕಾರ; ಅಸಿಸ್ಟೆಂಟ್ ಕಮಿಷನರ್ ಆಗಿ ಮೊದಲಿಟ್ಟು ಡೆಪ್ಯುಟಿ ಕಮಿಷನರ್ ಹುದ್ದೆಯವರೆಗೆ ಏರಿದರು. ಕಡತ ನೋಡುವ ಕೈಯೇ ಕಥೆಯನ್ನೂ ಬರೆಯಿತು. 1920ರಲ್ಲಿ 'ಕೆಲವು ಸಣ್ಣ ಕಥೆಗಳು' ಬಂತು, 1928ರಲ್ಲಿ 'ಸುಬ್ಬಣ್ಣ'. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಸರ್ಕಾರದ ನೌಕರನೊಬ್ಬ ಗಡಿಯಾಚೆ ಹೋಗಿ ಕನ್ನಡದ ಮುಂದಾಳಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಅರಮನೆ ಅವರನ್ನು ರಾಜಸೇವಾಪ್ರಸಕ್ತ ಎಂಬ ಬಿರುದಿನಿಂದ ಗೌರವಿಸಿತು.

ರಾಜಸೇವೆಯಲ್ಲಿ ಪ್ರಸಕ್ತರಾಗಿದ್ದ ಆ ಮನುಷ್ಯ 1943ರಲ್ಲಿ ಸೇವೆಗೆ ರಾಜೀನಾಮೆ ಕೊಟ್ಟರು. ಎನ್. ಮಾಧವರಾಯರು ದಿವಾನರಾಗಿದ್ದ ಕಾಲ. ಮಂತ್ರಿಪದವಿಗೆ ಸಮನಾದ ಸ್ಥಾನವೊಂದು ಸೇವಾ ಹಿರಿತನದಿಂದ ತಮಗೆ ಬರಬೇಕಾದದ್ದೆಂದು ಮಾಸ್ತಿಯವರು ನಂಬಿದ್ದರು. ಅದು ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಇವರು ಹೊರಟುಬಂದರು. ವಯಸ್ಸು ಐವತ್ತರ ಆಚೆಗೆ ಒಂದೆರಡು ವರ್ಷ. ಮನೆಯಲ್ಲಿ ಪತ್ನಿ ಪಂಕಜಮ್ಮ, ಹೆಣ್ಣುಮಕ್ಕಳ ದೊಡ್ಡ ಸಂಸಾರ. ಹೊರಗೆ ಮಹಾಯುದ್ಧದ ಬೆಲೆಯೇರಿಕೆ. ಇಂದು ನೌಕರರು ಲೆಕ್ಕ ಹಾಕುವ ತುಟ್ಟಿಭತ್ಯೆ ಎಂಬ ಪದ್ಧತಿ ನಮ್ಮ ದೇಶದಲ್ಲಿ ಬೇರುಬಿಟ್ಟದ್ದು ಆ ಯುದ್ಧದ ದಿನಗಳಲ್ಲಿಯೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಾಸ್ತಿಯವರನ್ನು ಸೌಮ್ಯಮೂರ್ತಿಯಾಗಿ ಪೂಜಿಸುವ ನಾವು ಈ ಪ್ರಸಂಗವನ್ನು ತ್ಯಾಗದ ಕಥೆಯಾಗಿ ತಿದ್ದಿ ಹೇಳುತ್ತೇವೆ. ಅದು ಬಡ್ತಿಯ ತಕರಾರು. ಜ್ಯೇಷ್ಠತಾ ಪಟ್ಟಿಯಲ್ಲಿ ಹಿಂದಿದ್ದವನು ಮುಂದೆ ಹೋದನೆಂಬ ನೋವು; ಯಾವ ಕಚೇರಿಯ ಯಾವ ಗುಮಾಸ್ತನಿಗೂ ವಿವರಿಸದೆ ಅರ್ಥವಾಗುವ ನೋವು. ಅದನ್ನು ಹಾಗೆ ಕರೆದರೆ ಮಾಸ್ತಿಯವರು ಚಿಕ್ಕವರಾಗುವುದಿಲ್ಲ. ದುಡಿದವನಿಗೆ ತನ್ನ ಪಾಲಿನ ಲೆಕ್ಕ ಕೇಳುವ ಹಕ್ಕಿದೆ ಎಂಬುದನ್ನು ಅವರೂ ಒಪ್ಪಿದ್ದರು ಎಂದಷ್ಟೇ ಆಗುತ್ತದೆ.

ಆದರೆ ರಾಜೀನಾಮೆ ಎಲ್ಲರ ಕೈಗೆಟುಕುವ ಆಯುಧವೇ? ದ್ವಿತೀಯ ದರ್ಜೆ ಸಹಾಯಕನೊಬ್ಬ ಕಾಗದ ಬರೆದಿಟ್ಟು ಹೋದರೆ ಅವನ ಮೇಜಿನ ಕಡತಗಳು ಪಕ್ಕದ ಮೇಜಿಗೆ ಹೋಗುತ್ತವೆ, ಅಷ್ಟೆ. ಮಾಸ್ತಿಯವರಂಥವರು ಹೋದಾಗಲೂ ಸರ್ಕಾರ ನಿಲ್ಲಲಿಲ್ಲ, ಅವರಿಗೆ ಆ ಪದವಿ ಸಿಗಲೂ ಇಲ್ಲ. ಒಬ್ಬನ ನಿರ್ಗಮನಕ್ಕೆ ಇಲ್ಲದ ತೂಕ ಲಕ್ಷ ಜನರ ಗೈರುಹಾಜರಿಗೆ ಇದೆ ಎಂಬುದನ್ನು ಕಂಡುಕೊಂಡೇ ಸಂಘಗಳು ಬೆಳೆದವು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು 2003ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪ್ರಕರಣದಲ್ಲಿ ಹೇಳಿತು. ಆ ರಾಜ್ಯ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಂದೇ ಬಾರಿಗೆ ವಜಾ ಮಾಡಿದ್ದ ಪ್ರಕರಣ ಅದು. ಹಾಗಿದ್ದೂ 2023ರ ಮಾರ್ಚ್ 1ರಂದು ನಮ್ಮ ಸರ್ಕಾರ ಮೂಲ ವೇತನದ ಶೇಕಡ 17ರಷ್ಟು ಮಧ್ಯಂತರ ಪರಿಹಾರದ ಆದೇಶವನ್ನು ಅಂದೇ ಹೊರಡಿಸಿತು, ಮುಷ್ಕರವೂ ಅಂದೇ ಮುಗಿಯಿತು. 2024ರ ಆಗಸ್ಟ್‌ನಿಂದ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಮನವಿಪತ್ರದಿಂದ ಮಾತ್ರವೇ ಇದಾಗುತ್ತಿತ್ತೆಂದು ನಂಬುವಷ್ಟು ಮುಗ್ಧನಾಗಿ ನಾನು ನಿವೃತ್ತನಾಗಲಿಲ್ಲ. 2006ರ ಏಪ್ರಿಲ್ ನಂತರ ಸೇರಿದ ನನ್ನ ಕಿರಿಯ ಸಹೋದ್ಯೋಗಿಗಳಿಗೆ ನನಗಿರುವ ಪಿಂಚಣಿ ಇಲ್ಲ ಎಂಬುದೂ ನನಗೆ ಗೊತ್ತು.

ನೆರೆಯ ಹಿರಿಯರಿಗೆ ಇಷ್ಟನ್ನು ಹೇಳಿ ಗೆಲ್ಲಬಹುದಿತ್ತು. ಹೇಳಲು ಬಿಡದ ನೆನಪೊಂದಿದೆ.

ನಾನು ಸೇವೆಯಲ್ಲಿದ್ದಾಗ ಒಮ್ಮೆ ಸಾಮೂಹಿಕ ರಜೆ ಹಾಕಿ ಕಚೇರಿಯ ಹೊರಗೆ ಮರದ ಕೆಳಗೆ ಕೂತಿದ್ದೆವು. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದ ಅಜ್ಜಿಯೊಬ್ಬರು ಗಂಡನ ಕುಟುಂಬ ಪಿಂಚಣಿಯ ಕಾಗದ ಕೇಳಿದರು. ಅದು ಸಹಿಯಾಗಿ ನನ್ನ ಕಪಾಟಿನ ಮೇಲಿನ ಅರೆಯಲ್ಲಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಹತ್ತು ನಿಮಿಷದ ಕೆಲಸ. ಸಂಗಡಿಗರ ಮುಖ ನೋಡಿದೆ, ಏಳಲಿಲ್ಲ. ಅಜ್ಜಿ ನಮ್ಮೊಡನೆಯೇ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತು, ನಮ್ಮ ಸಂಬಳದ ಕಷ್ಟವನ್ನೇ ವಿಚಾರಿಸಿ, ಎದ್ದು ಬಸ್ ನಿಲ್ದಾಣದ ದಾರಿ ಹಿಡಿದರು.

ಮಾಸ್ತಿಯವರು ಕಳೆದುಕೊಂಡದ್ದು ತಮ್ಮದನ್ನು. ಅಂದು ನಾನು ಪಣಕ್ಕಿಟ್ಟದ್ದು ಆಕೆಯ ಒಂದು ದಿನವನ್ನು. ಸಂಘದ ಸಭೆಗಳಲ್ಲಿ ಎಷ್ಟೋ ಭಾಷಣ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಈ ವ್ಯತ್ಯಾಸಕ್ಕೆ ಸಮಾಧಾನ ಅವುಗಳಲ್ಲಿ ಸಿಕ್ಕಿಲ್ಲ.

ಸೇವೆ ಬಿಟ್ಟ ಮೇಲೆ ಮಾಸ್ತಿಯವರು ಸುಮ್ಮನೆ ಕೂರಲಿಲ್ಲ. 1944ರಿಂದ 1965ರವರೆಗೆ 'ಜೀವನ' ಮಾಸಪತ್ರಿಕೆಯನ್ನು ನಡೆಸಿದರು. 1956ರಲ್ಲಿ 'ಚಿಕವೀರ ರಾಜೇಂದ್ರ' ಬಂತು. ಅರಸನಿಗೂ ಅವನ ಮಂತ್ರಿಗಳಿಗೂ ನಡುವೆ ನಂಬಿಕೆ ಸತ್ತು 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದ ಕಥೆ. ಆಡಳಿತವನ್ನು ಒಳಗಿನಿಂದ ಕಂಡವರಲ್ಲದೆ ಅದನ್ನು ಹಾಗೆ ಬರೆಯುವುದು ಕಷ್ಟ. ಆ ಕಾದಂಬರಿಗೆ 1983ರ ಜ್ಞಾನಪೀಠ ಬಂತು. ಮೂರು ವರ್ಷದ ಬಳಿಕ, 1986ರ ಜೂನ್ 6ರಂದು, ತಮ್ಮ 95ನೆಯ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು.

ನೆರೆಯ ಹಿರಿಯರು ಮರುದಿನ ಬೆಳಿಗ್ಗೆ ಮತ್ತೆ ಸಿಕ್ಕಿ, ಶೇಕಡ 17 ಸಿಕ್ಕಿತಂತಲ್ಲ ಎಂದು ಕೇಳಿದರು. ಹೌದೆಂದೆ. ಅಜ್ಜಿಯ ಸಂಗತಿಯನ್ನು ಹೇಳಬೇಕೆಂದುಕೊಂಡು ಗವಿ ಗಂಗಾಧರೇಶ್ವರನ ಗುಡಿಯವರೆಗೂ ಜೊತೆಯಲ್ಲಿ ನಡೆದೆ. ಹೇಳಲಿಲ್ಲ.