ಮಾರ್ಟಿನ್ ಶ್ವಾರ್ಟ್ಸ್‌ಶಿಲ್ಡ್

ಮಾರ್ಟಿನ್ ಶ್ವಾರ್ಟ್ಸ್‌ಶಿಲ್ಡ್ (31 ಮೇ 1912 – 10 ಏಪ್ರಿಲ್ 1997) ಜರ್ಮನಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಖಗೋಳ ಭೌತವಿಜ್ಞಾನಿ. ನಕ್ಷತ್ರಗಳ ಒಳರಚನೆ ಮತ್ತು ವಿಕಾಸದ ಅಧ್ಯಯನಕ್ಕಾಗಿಯೂ, ಬಲೂನಿನ ಮೂಲಕ ದೂರದರ್ಶಕಗಳನ್ನು ಮೇಲೇರಿಸಿದ ಸ್ಟ್ರಾಟೋಸ್ಕೋಪ್ ಯೋಜನೆಗಳಿಗಾಗಿಯೂ ಇವರು ಪ್ರಸಿದ್ಧರು.

ಜೀವನ

ಇವರು ಪಾಟ್ಸ್‌ಡ್ಯಾಮ್‌ನಲ್ಲಿ ಜನಿಸಿದರು. ತಂದೆ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಅವರು ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರ ನೀಡಿದವರು. 1916ರಲ್ಲಿ ತಂದೆ ತೀರಿಕೊಂಡಾಗ ಮಾರ್ಟಿನ್ ಅವರಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಇವರು, ಯಹೂದಿ ಮೂಲದವರಾದುದರಿಂದ ನಾಜಿ ಆಳ್ವಿಕೆಯ ಜರ್ಮನಿಯನ್ನು 1936ರಲ್ಲಿ ತೊರೆದರು. ನಾರ್ವೆಯ ಮೂಲಕ ಅಮೆರಿಕಕ್ಕೆ ಬಂದು ಹಾರ್ವರ್ಡ್ ಮತ್ತು ಕೊಲಂಬಿಯ ವಿಶ್ವವಿದ್ಯಾಲಯಗಳಲ್ಲಿ ದುಡಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. 1947ರಲ್ಲಿ ಲೈಮನ್ ಸ್ಪಿಟ್ಜರ್ ಅವರೊಡನೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ಸೇರಿ, ನಿವೃತ್ತಿಯವರೆಗೂ ಅಲ್ಲಿಯೇ ಇದ್ದರು.

ಬಲೂನು ದೂರದರ್ಶಕಗಳು

ದರ್ಪಣ ದೊಡ್ಡದಾದಷ್ಟೂ ದೂರದರ್ಶಕವು ಸೂಕ್ಷ್ಮ ವಿವರಗಳನ್ನು ತೋರಿಸಬಲ್ಲದು. ಆದರೆ ನೆಲದ ಮೇಲೆ ಗಾಳಿಯ ಕದಲಿಕೆಯು ಬಿಂಬವನ್ನು ಸಾಮಾನ್ಯವಾಗಿ ಒಂದು ಆರ್ಕ್ ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗದಷ್ಟು, ಮಸುಕುಗೊಳಿಸುತ್ತದೆ. ಈ ತಡೆಯನ್ನು ದಾಟಲು ಶ್ವಾರ್ಟ್ಸ್‌ಶಿಲ್ಡ್ 1957ರಲ್ಲಿ 30 ಸೆಂಟಿಮೀಟರ್ ದರ್ಪಣದ ಸ್ಟ್ರಾಟೋಸ್ಕೋಪ್-1ನ್ನು ಸುಮಾರು 25 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿದರು. ಅಷ್ಟು ವ್ಯಾಸದ ದರ್ಪಣದ ಸೈದ್ಧಾಂತಿಕ ಮಿತಿ ಸುಮಾರು ಅರ್ಧ ಆರ್ಕ್ ಸೆಕೆಂಡ್. ಮೇಲಿನ ಗಾಳಿ ಅತಿ ವಿರಳವಾದುದರಿಂದ ಆ ಮಿತಿಯನ್ನು ಸಮೀಪಿಸುವುದು ಸಾಧ್ಯವಾಯಿತು.

ಗಾಳಿಯ ಅಡ್ಡಿ ನೀಗಿದೊಡನೆ ಉಪಕರಣದ ದೋಷಗಳೇ ಮುಖ್ಯವಾದವು. ತೂಗಾಡುವ ದೂರದರ್ಶಕವನ್ನು ಗುರಿಯ ಮೇಲೆ ಸ್ಥಿರವಾಗಿ ನಿಲ್ಲಿಸಬೇಕಿತ್ತು. ಬಿಂಬದ ನಾಭಿಯನ್ನು ದೂರದಿಂದಲೇ ಸರಿಪಡಿಸಬೇಕಿತ್ತು. 1959ರ ಹಾರಾಟಗಳಲ್ಲಿ ಟೆಲಿವಿಷನ್ ಸಂಪರ್ಕವನ್ನು ಅಳವಡಿಸಿ, ನೆಲದಿಂದಲೇ ಅದನ್ನು ನಿಯಂತ್ರಿಸಲಾಯಿತು. ಸೂರ್ಯನ ಮೇಲ್ಮೈಯ ಕಣರಚನೆಯು ಕುದಿಯುವ ಅನಿಲದ ಏರಿಳಿತವೆಂಬ ವಿವರಣೆಯನ್ನು ಈ ಚಿತ್ರಗಳು ಬಲಪಡಿಸಿದವು.

91 ಸೆಂಟಿಮೀಟರ್ ದರ್ಪಣದ ಸ್ಟ್ರಾಟೋಸ್ಕೋಪ್-2, 1963ರಿಂದ 1971ರವರೆಗೆ ಹಾರಾಡಿತು. ತಾಪ ಬದಲಾದಾಗ ಆಕಾರ ಕೆಡದಂತೆ ಇದರ ದರ್ಪಣವನ್ನು ಅತ್ಯಲ್ಪ ಹಿಗ್ಗುವ ಸಿಲಿಕಾದಿಂದ ತಯಾರಿಸಲಾಗಿತ್ತು. ಮಂಗಳ, ಯುರೇನಸ್ ಮುಂತಾದವುಗಳನ್ನು ಇದು ವೀಕ್ಷಿಸಿತು. ಇದು ತೆಗೆದ ಆಂಡ್ರೊಮಿಡಾ ಗ್ಯಾಲಕ್ಸಿಯ ಚಿತ್ರಗಳಲ್ಲಿ ಕೇಂದ್ರಭಾಗವು ಒಂದು ಪಕ್ಕಕ್ಕೆ ವಾಲಿದಂತೆ ಕಂಡಿತು. 1974ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಆಗ ಸ್ಪಷ್ಟವಾಗಿರಲಿಲ್ಲ. ಆ ಕೇಂದ್ರದಲ್ಲಿ ಎರಡು ಪ್ರಕಾಶಬಿಂದುಗಳಿವೆಯೆಂದು 1993ರಲ್ಲಿ ಹಬಲ್ ದೂರದರ್ಶಕ ತೋರಿಸಿತು.

ಕೃತಿ, ಗೌರವ ಮತ್ತು ನಿಧನ

1958ರಲ್ಲಿ ಪ್ರಕಟವಾದ ನಕ್ಷತ್ರಗಳ ರಚನೆ ಮತ್ತು ವಿಕಾಸ ಕುರಿತ ಇವರ ಗ್ರಂಥವು ಹಲವು ಪೀಳಿಗೆಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. 1965ರಲ್ಲಿ ಬ್ರೂಸ್ ಪದಕ, 1969ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕ ಇವರಿಗೆ ಸಂದವು. ಬಾಹ್ಯಾಕಾಶ ದೂರದರ್ಶಕದ ಕಲ್ಪನೆಯನ್ನು 1946ರಲ್ಲೇ ಮುಂದಿಟ್ಟಿದ್ದ ಸ್ಪಿಟ್ಜರ್ 1997ರ ಮಾರ್ಚ್ 31ರಂದು ನಿಧನರಾದರು. ಹತ್ತು ದಿನಗಳ ಬಳಿಕ ಶ್ವಾರ್ಟ್ಸ್‌ಶಿಲ್ಡ್ ಕೂಡ ತೀರಿಕೊಂಡರು.