ತ್ಯಾಗವೀರ ಸಿರಸಂಗಿ ಲಿಂಗರಾಜರು

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿರುವ ಸಿರಸಂಗಿಯು ಕಾಳಮ್ಮನ ಗುಡಿಯಿಂದ ಪ್ರಸಿದ್ಧವಾದ ಗ್ರಾಮ. ಸುತ್ತಲೂ ಎರೆಯ ಹೊಲಗಳು. ಜೋಳ, ಹತ್ತಿ, ಕುಸುಬೆಗಳ ಬೆಳೆ. ಆಲೂರು, ಸಕಲೇಶಪುರಗಳ ಮಳೆಯನ್ನು ಕಂಡ ಕುಂದೂರಿನ ಕಡೆಯವರಿಗೆ ಆ ಬಯಲುಸೀಮೆಯ ಒಕ್ಕಲುತನದ ಕಷ್ಟವು ಸುಲಭವಾಗಿ ಅರ್ಥವಾಗಲಾರದು. ಮುಗಿಲು ಒಮ್ಮೆ ಮುನಿದರೆ ಅಲ್ಲಿ ವರ್ಷದ ಅನ್ನವೇ ಹೋಯಿತು. ಇಂತಹ ಮಣ್ಣಿನ ಆದಾಯವನ್ನೆಲ್ಲ ವಿದ್ಯೆಗೆ ಧಾರೆಯೆರೆದ ಮಹನೀಯರೇ ಲಿಂಗರಾಜ ದೇಸಾಯಿಯವರು.

ಅವರು ಹುಟ್ಟಿದ್ದು ಅರಮನೆಯಲ್ಲಲ್ಲ. 1861ನೆಯ ಇಸವಿಯ ಜನವರಿ 10ರಂದು ಶಿಗಿಹಳ್ಳಿಯ ಮಡ್ಲಿ ಮನೆತನದಲ್ಲಿ ಜನಿಸಿದ ಆ ಬಾಲಕನಿಗೆ ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ಸಿರಸಂಗಿ ಹಾಗೂ ನವಲಗುಂದದ ದೇಸಗತಿಯ ಜಾಯಪ್ಪ ದೇಸಾಯಿಯವರ ಮನೆಗೆ ಬಾಲ್ಯದಲ್ಲಿಯೇ ದತ್ತು ಹೋಗಿ ಲಿಂಗರಾಜನಾದನು. ಹಳ್ಳಿಯ ಹುಡುಗನೊಬ್ಬನು ಒಮ್ಮೆಲೇ ವಿಶಾಲವಾದ ಭೂಮಿಕಾಣಿಗಳ ಒಡೆತನಕ್ಕೆ ಬಂದಾಗ ತನ್ನ ಮೂಲವನ್ನು ಮರೆಯುವುದೇ ಲೋಕರೂಢಿ. ಲಿಂಗರಾಜರ ವಿಷಯದಲ್ಲಿ ಹಾಗಾಗಲಿಲ್ಲ.

ಅವರಿಗೆ ಹದಿನೈದು ತುಂಬಿದ ವರ್ಷವೇ, ಎಂದರೆ 1876ರಲ್ಲಿ, ದಕ್ಷಿಣ ಭಾರತವನ್ನು ನಡುಗಿಸಿದ ಭೀಕರ ಕ್ಷಾಮವು ಆರಂಭವಾಯಿತು. 1878ರವರೆಗೂ ಮುಂದುವರಿದ ಆ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬಹಳ ನೊಂದವು. ಊರುಗಳು ಬರಿದಾದವು, ದನಕರುಗಳು ಮೇವಿಲ್ಲದೆ ಸತ್ತವು. ಪ್ರಾಯಕ್ಕೆ ಬರುತ್ತಿದ್ದ ದೇಸಾಯಿಯ ಕಣ್ಣೆದುರಿಗೇ ನಡೆದ ಸಂಗತಿಗಳಿವು. ಮುಂದೆ ಅವರು ನೀರಿನ ಬವಣೆಗೆ ಹೆಸರಾದ ನವಲಗುಂದದಲ್ಲಿ ಜನರ ಕುಡಿಯುವ ನೀರಿಗಾಗಿ ಕೆರೆಯನ್ನು ಕಟ್ಟಿಸಿದರು. ಉಪ್ಪುನೀರಿನ ಆ ಊರಿನಲ್ಲಿ ಸಿಹಿನೀರಿನ ಕೊಡವೊಂದರ ಬೆಲೆ ಏನೆಂಬುದನ್ನು ಅಲ್ಲಿಯ ಹೆಣ್ಣುಮಕ್ಕಳೇ ಬಲ್ಲರು.

ಆದರೆ ಹೊಟ್ಟೆಯ ಹಸಿವೆಯೊಂದೇ ಅವರನ್ನು ಕಾಡಿದ್ದಲ್ಲ. ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ಉತ್ತರ ಕರ್ನಾಟಕದಲ್ಲಿ ಒಕ್ಕಲುಮಕ್ಕಳಿಗೆ ಶಾಲೆಯು ದೂರವಾಗಿತ್ತು. ಕಾಲೇಜಿನ ಮಾತಂತೂ ಎತ್ತುವಂತಿರಲಿಲ್ಲ, ಪುಣೆಗೋ ಮುಂಬಯಿಗೋ ಹೋಗಬೇಕು. ಹೊಲವನ್ನು ಒತ್ತೆಯಿಟ್ಟು ಮಗನನ್ನು ಓದಿಸುವ ಧೈರ್ಯ ಎಷ್ಟು ತಂದೆಗಳಿಗಿದ್ದೀತು? 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿದ್ದು ಈ ಕೊರತೆಯನ್ನು ನೀಗಿಸಲೆಂದೇ. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಧಾರವಾಡದಲ್ಲಿ ನೆರೆದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಲಿಂಗರಾಜರೇ. ಒಬ್ಬರು ವಿರಕ್ತರು, ಇನ್ನೊಬ್ಬರು ಸಿರಿವಂತ ಸಂಸಾರಿಗಳು. ಇಬ್ಬರ ಚಿಂತೆ ಮಾತ್ರ ಒಂದೇ.

ಇನ್ನು ಅವರ ಬದುಕಿನ ಮುಖ್ಯ ಘಟ್ಟ. ದೇಸಗತಿಯನ್ನು ಮುಂದುವರಿಸಲು ಲಿಂಗರಾಜರಿಗೆ ಗಂಡುಸಂತಾನವಿರಲಿಲ್ಲ. ತಾವೇ ದತ್ತಕರಾಗಿ ಬಂದ ಮನೆ ಅದು. ತಾವೂ ಒಬ್ಬ ಬಾಲಕನನ್ನು ದತ್ತು ಪಡೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ, ವಂಶದ ಹೆಸರೂ ಉಳಿಯುತ್ತಿತ್ತು. ಅಂದಿನ ಕಾಲದಲ್ಲಿ ಮನೆತನದ ಹೆಸರೆಂದರೆ ಪ್ರಾಣಕ್ಕಿಂತ ಹೆಚ್ಚು. ಆ ಮಾರ್ಗವನ್ನು ಬಿಟ್ಟು ಅವರು ಮರಣಶಾಸನದ ಮೂಲಕ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು. ಪಿತ್ರಾರ್ಜಿತವಾಗಿ ಬಂದ ಭೂಮಿಯನ್ನು ಕಣ್ಣಾರೆ ಕಾಣದ, ಹೆಸರು ಕೇಳದ ಬಡಮಕ್ಕಳಿಗೆ ಬರೆದುಕೊಡುವುದು, ಹೊಲದ ಬದುವಿಗಾಗಿ ಒಡಹುಟ್ಟಿದವರೇ ಕೋರ್ಟು ಹತ್ತುವ ನಾಡಿನಲ್ಲಿ, ಸಾಮಾನ್ಯ ಸಂಗತಿಯಲ್ಲ. ತ್ಯಾಗವೀರರೆಂದು ಜನರು ಅವರನ್ನು ಕರೆದುದು ಇದಕ್ಕಾಗಿಯೇ.

1906ರ ಆಗಸ್ಟ್ 23ರಂದು ಅವರು ಲಿಂಗೈಕ್ಯರಾದರು. ಆಗಿನ್ನೂ ನಾಲ್ವತ್ತೈದರ ವಯಸ್ಸು. ಅವರ ಆಸ್ತಿಯಿಂದ ನೆಲೆಗೊಂಡ ನವಲಗುಂದ–ಸಿರಸಂಗಿ ಟ್ರಸ್ಟಿನ ಆಡಳಿತದ ಮೇಲೆ ಬೆಳಗಾವಿಯ ಜಿಲ್ಲಾಧಿಕಾರಿಗಳ ಹೊಣೆಯಿರುವಂತೆ ಏರ್ಪಾಡಾಯಿತು. ದಾನವನ್ನು ಕೊಡುವಷ್ಟೇ ಅದನ್ನು ಕಾಯುವುದೂ ಕಷ್ಟವೆಂಬುದನ್ನು ಸಂಸ್ಥೆಗಳನ್ನು ನಡೆಸಿದವರೆಲ್ಲ ಅರಿತಿದ್ದಾರೆ. ಹೊಲಗಳ ಉತ್ಪನ್ನವು ವಿದ್ಯಾರ್ಥಿವೇತನವಾಗಿ ಹಳ್ಳಿಯ ಹುಡುಗರ ಕೈ ಸೇರತೊಡಗಿತು.

1916ರ ನವೆಂಬರ್ 13ರಂದು ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಆರಂಭಿಸಿದರು. ಕೈಯಲ್ಲಿ ಹಣವಿರಲಿಲ್ಲ, ನಿಷ್ಠೆಯಿತ್ತು. ಒಂದು ಶಾಲೆಯಿಂದ ಹೊರಟ ಆ ಸಂಸ್ಥೆಯು 1933ರಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಉಚ್ಚ ಶಿಕ್ಷಣಕ್ಕಾಗಿ ಪರಸ್ಥಳಕ್ಕೆ ಹೋಗಬೇಕಾಗಿದ್ದ ಸವದತ್ತಿ, ಬೈಲಹೊಂಗಲ, ಗೋಕಾಕಗಳ ರೈತರ ಮಕ್ಕಳು ಅಂದಿನಿಂದ ಬೆಳಗಾವಿಯಲ್ಲಿಯೇ ಕಾಲೇಜಿನ ಮೆಟ್ಟಿಲು ಹತ್ತಿದರು.